ಫೋನಿಗೆ ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲ್‌ಗಳ ಪರಿಚಯ ಬರುತ್ತದಲ್ಲ, ಅದನ್ನು ತಪ್ಪದೆ ಓದುತ್ತೇನೆ. ಕ್ಯಾಮೆರಾ, ಬ್ಯಾಟರಿ, ಬೆಲೆ ಎಲ್ಲ ಇರುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಅನ್ನೋದು ಮಾತ್ರ ಇರುವುದಿಲ್ಲ. ಅದು ಯಾಕೆ ಬೇಕು ಅನ್ನುವುದಕ್ಕೆ 'ಡರ್ಟಿ ಕೌ' ಕಥೆ ಸಾಕು.

ಇದು ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ದೋಷ. 2016ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಇರುವುದೂ ಇದೇ ಕರ್ನೆಲ್. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕೊನೆಗೆ ತೀರ್ಮಾನಿಸುವುದು ಅದೇ.

ಓದಲು ಮಾತ್ರ ಅನುಮತಿ ಇರುವ ಫೈಲನ್ನು ಪ್ರೋಗ್ರಾಂ ಒಂದು ಮೆಮೊರಿಗೆ ತರಿಸಿಕೊಂಡು ತಿದ್ದಲು ಹೋದರೆ, ಕರ್ನೆಲ್ ಅದಕ್ಕೊಂದು ಖಾಸಗಿ ನಕಲು ಮಾಡಿ ಕೊಡುತ್ತದೆ. ಏನು ಬರೆದರೂ ನಕಲಿನಲ್ಲಿ, ಅಸಲು ಹಾಗೇ ಉಳಿಯಬೇಕು. ಆದರೆ ನಕಲು ಮಾಡುವುದು, ಆಮೇಲೆ ಅದರಲ್ಲಿ ಬರೆಯುವುದು, ಇವು ಬೇರೆ ಬೇರೆ ಹೆಜ್ಜೆಗಳು. ಆ ಎರಡರ ನಡುವಿನ ಕ್ಷಣದಲ್ಲಿ ಅದೇ ಪ್ರೋಗ್ರಾಂನ ಇನ್ನೊಂದು ಎಳೆ (ಜೊತೆಜೊತೆಗೇ ಓಡುವ ಇನ್ನೊಂದು ಭಾಗ) 'ಈ ನಕಲು ಬೇಡ, ಬಿಸಾಕು' ಅಂದರೆ ಕರ್ನೆಲ್ ಬಿಸಾಕುತ್ತದೆ, ಮತ್ತೆ ಮೆಮೊರಿಯಲ್ಲಿ ಆ ಫೈಲಿನ ಪುಟ ಹುಡುಕುವಾಗ ಇದು ಬರೆಯಲು ಬಂದ ಕೋರಿಕೆ ಅನ್ನುವುದೇ ಅದಕ್ಕೆ ಮರೆತಿರುತ್ತದೆ, ಹಾಗಾಗಿ ಅಸಲನ್ನೇ ಎತ್ತಿಕೊಟ್ಟು ಅದರ ಮೇಲೇ ಬರೆದುಬಿಡುತ್ತದೆ! ಒಂದೇ ಸಲಕ್ಕೆ ಆಗದಿರಬಹುದು. ಆದರೆ ಕಂಪ್ಯೂಟರಿಗೆ ಸಾವಿರಾರು ಸಲ ಪ್ರಯತ್ನಿಸುವುದು ಏನೂ ದೊಡ್ಡದಲ್ಲ. ಹೀಗೆ ಯಾವ ಅಧಿಕಾರವೂ ಇಲ್ಲದ ಪ್ರೋಗ್ರಾಂ, ವ್ಯವಸ್ಥೆಯ ಫೈಲುಗಳನ್ನೇ ತಿದ್ದಿ, ಇಡೀ ಯಂತ್ರದ ಯಜಮಾನನಾಗುತ್ತದೆ. ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಇಲ್ಲಿ ಉಪಯೋಗಕ್ಕೆ ಬರೋದಿಲ್ಲ.

ಕಡೇಪಕ್ಷ 2007ರಿಂದಲೂ ಈ ದೋಷ ಕರ್ನೆಲ್‌ನಲ್ಲೇ ಇತ್ತು. ಅದಕ್ಕೂ ಮೊದಲೇ, 2005ರಲ್ಲಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದನ್ನು ಸರಿಪಡಿಸಲು ಹೋಗಿದ್ದರಂತೆ, ಅದು ಸರಿಯಾಗಿರಲಿಲ್ಲ, ಆಮೇಲೆ ಬೇರೆ ತೊಂದರೆಯಿಂದ ತೆಗೆಯಬೇಕಾಯಿತು ಅಂತ ಅವರೇ ಬರೆದಿದ್ದಾರೆ. ಕೋಡ್ ಎಲ್ಲರಿಗೂ ತೆರೆದಿದ್ದರೂ ಇಷ್ಟು ವರ್ಷ ದೋಷ ಹಾಗೇ ಉಳಿಯಿತು ನೋಡಿ.

ಕರ್ನೆಲ್‌ನವರು ತಿಳಿದ ಕೂಡಲೇ ಸರಿಪಡಿಸಿದರು. 2016ರ ಡಿಸೆಂಬರ್ ಹೊತ್ತಿಗೆ ಆಂಡ್ರಾಯ್ಡ್ ಪ್ಯಾಚ್ ಕೂಡ ಬಂತು. ಆದರೂ 2017ರ ಸೆಪ್ಟೆಂಬರ್‌ನಲ್ಲಿ, ಇದೇ ದೋಷ ಬಳಸುವ 'ಝಡ್‌ಎನ್‌ಐಯು' ಎಂಬ ಕುತಂತ್ರಾಂಶವನ್ನು ಟ್ರೆಂಡ್ ಮೈಕ್ರೋ ಎಂಬ ಸೈಬರ್ ಭದ್ರತಾ ಸಂಸ್ಥೆ ಪತ್ತೆ ಮಾಡಿತು. ಸಿಕ್ಕಿಬಿದ್ದವರಲ್ಲಿ ಜಾಸ್ತಿ ಜನ ಚೀನಾ ಮತ್ತು ಭಾರತದವರು. ಪರಿಹಾರ ಬಂದು ಸುಮಾರು ಒಂದು ವರ್ಷ ಆದಮೇಲೂ ಹೀಗೆ! ಗೊತ್ತಿಲ್ಲದ ಕಡೆಯಿಂದ ಆಪ್ ಹಾಕಿಕೊಳ್ಳಬೇಡಿ ಅಂತ ಜನರಿಗೆ ಹೇಳುವುದು ಸರಿ, ಹೇಳಲೇಬೇಕು. ಆದರೆ ಕಂಪನಿ ಅಪ್‌ಡೇಟ್ ಕಳಿಸದಿದ್ದರೆ ದುಡ್ಡು ಕೊಟ್ಟು ಕೊಂಡವರು ಏನು ಮಾಡಬೇಕು?

ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಕಂಪನಿಗಳು ಅಪ್‌ಡೇಟ್ ಎಲ್ಲಿಯವರೆಗೆ ಅಂತ ಮೊದಲೇ ತಿಳಿಸಬೇಕು, ಕಾನೂನೇ ಇದೆ. ನೀವು ಕಾನೂನಿಗೆ ಕಾಯಬೇಕಿಲ್ಲ ಅಲ್ವಾ? ಮುಂದಿನ ವಾರದಿಂದಲೇ ಬೆಲೆಯ ಕೆಳಗೆ ಒಂದು ಸಾಲು ಸೇರಿಸಿ: ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ. ಕಂಪನಿ ಹೇಳದಿದ್ದರೆ 'ಕಂಪನಿ ತಿಳಿಸಿಲ್ಲ' ಅಂತಲೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ, ತುಮಕೂರು