ಮಂಜಣ್ಣ ಅಂದ್ರೆ ನಾನೇ ಪುಟ್ಟಿ

ಪುಟ್ಟಿ,

ಪಕ್ಕದ ರೂಮಲ್ಲೇ ಇರೋಳಿಗೆ ಅಮ್ಮ ಯಾಕೆ ಪತ್ರ ಬರೀತಿದಾಳೆ ಅನ್ಸುತ್ತೆ ನಿಂಗೆ. ಎದುರಿಗೆ ಕೂತು ಹೇಳೋಣ ಅಂತ ಈ ವಾರ ಎರಡು ಸಲ ಬಂದೆ, ಎರಡು ಸಲನೂ "ಈ ಮ್ಯಾಚ್ ಮುಗೀಲಿ ಇರಮ್ಮ" ಅಂದೆ, ಮ್ಯಾಚ್ ಮುಗಿಯೋ ಹೊತ್ತಿಗೆ ನನ್ನ ಧೈರ್ಯ ಹೋಗಿತ್ತು. ಅದಕ್ಕೇ ವಾಟ್ಸಾಪಲ್ಲಿ ಕಳಿಸ್ತಿದೀನಿ, ಉದ್ದ ಆಗುತ್ತೆ, ಪೂರ್ತಿ ಓದು.

ಹೋದ ಶನಿವಾರ ರಾತ್ರಿ ಹಾಲು ಕೊಡಕ್ಕೆ ಬಂದಿದ್ನಲ್ಲ, ಆವತ್ತು ನಿನ್ನ ಹೆಡ್‌ಸೆಟ್ ಕೆಟ್ಟು ನೀನು ಸ್ಪೀಕರಲ್ಲೇ ವ್ಯಾಲೊರಂಟ್ ಆಡ್ತಿದ್ದೆ, ಅದೇ ಐದೈದು ಜನ ಎದುರುಬದುರಾಗಿ ಗುಂಡು ಹೊಡೆದಾಡೋ ನಿನ್ನ ಆನ್‌ಲೈನ್ ಆಟ. ಲೋಟ ಇಟ್ಟು ಹೋಗೋಣ ಅಂತ ಬಂದೋಳು ಅಲ್ಲೇ ನಿಂತ್ಬಿಟ್ಟೆ. ಹೇವನ್ ಮ್ಯಾಪು, ಸ್ಕೋರು 11-12, ಆ ರೌಂಡ್ ಹೋದ್ರೆ ಮ್ಯಾಚೇ ಹೋಯ್ತು. ಸಿ ಲಾಂಗ್ ಅನ್ನೋ ದಾರೀಲಿ ಎದುರು ಟೀಮಿನ ಇಬ್ರು ಬರೋದು ನಿಂಗೆ ಕಾಣಿಸ್ತು, ನಂಗೂ ಕಾಣಿಸ್ತು. ನಿನ್ನ ಎಡಗೈ ನಡೆಯೋ ಕೀಗಳಾದ ಡಬ್ಲ್ಯೂ-ಎ-ಎಸ್-ಡಿ ಬಿಟ್ಟು ಮೇಲೆದ್ದು ಚಾಟಲ್ಲಿ "ಸಿ 2" ಅಂತ ಟೈಪ್ ಮಾಡ್ತು, ಅಷ್ಟರಲ್ಲಿ ಗ್ಯಾರೇಜ್ ಹತ್ರ ನಿಂತಿದ್ದ ನಿನ್ನ ಟೀಮಿನ ಹುಡುಗ ಆ ಕಡೆ ತಿರುಗಿ ನೋಡೋ ಮೊದಲೇ ಸತ್ತ. "ಭಾಯ್ ಮೈಕ್ ನಹೀ ಹೈ ಕ್ಯಾ? ಬೋಲ್ ನಾ ಭಾಯ್" ಅಂದ. ನೀನು ಮಾತಾಡ್ಲಿಲ್ಲ. ಒಬ್ರಾದ್ಮೇಲೆ ಒಬ್ರು ಹೋಗಿ ಕೊನೆಗೆ ನೀನೊಬ್ಳೇ ಉಳ್ದೆ, ಅವ್ರು ಇಬ್ರು, ಅವ್ರು ಇಟ್ಟ ಬಾಂಬು, ಅದೇ ಸ್ಪೈಕು, ಬೀಪ್ ಬೀಪ್ ಅಂತಿತ್ತು.

ಒಬ್ಬನ್ನ ಮೂಲೆಯಲ್ಲೇ ಹೊಡ್ದೆ. ಆಮೇಲೆ ಸ್ಪೈಕ್ ಹತ್ರ ಹೋಗಿ ಬಾಂಬ್ ಆರಿಸೋ ಡಿಫ್ಯೂಸ್ ಕೀ ಒತ್ತಿ ತಕ್ಷಣ ಬಿಟ್ಟೆ ನೋಡು, ಅಲ್ಲಿ ನಂಗೆ ಮೈ ಜುಂ ಅಂತು. ಡಿಫ್ಯೂಸ್ ಸದ್ದು ಕೇಳಿ ಅವ್ನು ಗಾಬರಿಯಿಂದ ಹೊರಗೆ ಬಂದ, ನೀನು ಅವ್ನ ತಲೆ ಎಲ್ಲಿ ಬರುತ್ತೋ ಅಲ್ಲೇ ಗುರಿ ಇಟ್ಟು ಕಾಯ್ತಾ ಇದ್ದೆ. ಆಮೇಲೆ ಆ 7 ಸೆಕೆಂಡ್ ನೀನು ಕೂತು ಡಿಫ್ಯೂಸ್ ಮಾಡಿದ್ದನ್ನ ನಾನು ಮನಸ್ಸಲ್ಲೇ ಎಣಿಸ್ದೆ. "ಕ್ಯಾ ಖೇಲಾ ಭಾಯ್! ಭಾಯ್ ಭಾಯ್ ಭಾಯ್!" ಅಂತ ನಾಲ್ಕು ಜನ ಹುಡುಗ್ರು ಕಿರುಚಿದ್ರು. ನೀನು ಥ್ಯಾಂಕ್ಸ್ ಅಂತ ಟೈಪ್ ಮಾಡಿ ನಿನ್ನಷ್ಟಕ್ಕೆ ನಕ್ಕೆ.

ನಾನು ಅಡುಗೆಮನೆಗೆ ಹೋಗಿ ಲೈಟೂ ಹಾಕ್ದೆ ನಿಂತಿದ್ದೆ. ಯಾಕೆ ಅಂತ ಯಾರಿಗೂ ಹೇಳಿಲ್ಲ, ನಿಮ್ಮಪ್ಪಂಗೂ ಗೊತ್ತಿಲ್ಲ ಈ ಕತೆ.

2004. ನಾನು ಇಂಜಿನಿಯರಿಂಗ್ ಎರಡನೇ ವರ್ಷ, ಬೆಂಗಳೂರಲ್ಲಿ ಹಾಸ್ಟೆಲಲ್ಲಿದ್ದೆ. ರಸ್ತೆ ಕೊನೇಲಿ ಒಂದು ಸೈಬರ್ ಕೆಫೆ, ಗಂಟೆಗೆ 15 ರೂಪಾಯಿ, ಕೆಳಗಡೆ ಹಾಲಲ್ಲಿ ಹುಡುಗ್ರ ಗ್ಯಾಂಗು, ಮೇಲಿನ ಮಹಡಿಲಿ ಪ್ಲೈವುಡ್ ಹೊಡೆದ ನಾಲ್ಕು ಕ್ಯಾಬಿನ್ನು. ಎಲ್ಲ ಸಿಸ್ಟಮ್ಮೂ ಒಂದೇ ಲ್ಯಾನಲ್ಲಿ ಜೋಡಿಸಿದ್ರು, ಮೇಲೆ ಕೆಳಗೆ ಇದ್ದೋರು ಒಟ್ಟಿಗೆ ಆಡ್ಬೋದಿತ್ತು. ನಾನು ಇಮೇಲ್ ನೋಡಕ್ಕೆ ಹೋಗ್ತಿದ್ದೋಳು, ಒಂದಿನ ಡೆಸ್ಕ್‌ಟಾಪಲ್ಲಿ ಕೌಂಟರ್ ಸ್ಟ್ರೈಕ್ 1.6 ಅನ್ನೋ ಇದೇ ಥರದ ಗುಂಡಿನ ಆಟದ ಐಕಾನ್ ಒತ್ದೆ. ಅಲ್ಲಿಂದ ಎಂಟು ತಿಂಗಳು ಪುಟ್ಟಿ, ಒಂದು ಭಾನುವಾರನೂ ತಪ್ಪಿಸಿಲ್ಲ. ಹೆಸರು ಕೇಳ್ತು, "ಮಂಜು" ಅಂತ ಹಾಕ್ದೆ, ಮಂಜುಳಾ ಅಂತ ಪೂರ್ತಿ ಹೊಡೆಯಕ್ಕೆ ಸೋಮಾರಿತನ, ಅಷ್ಟೇ. ಆದ್ರೆ ಕೆಳಗಿದ್ದೋರಿಗೆ ನಾನು ಮಂಜುನಾಥ ಆಗ್ಬಿಟ್ಟೆ. ಡಸ್ಟ್-ಟು ಮ್ಯಾಪಲ್ಲಿ ಡಬಲ್ ಡೋರ್ ಸಂದಿಯಿಂದ ಎಡಬ್ಲ್ಯೂಪಿ ಅನ್ನೋ ಸ್ನೈಪರ್ ಬಂದೂಕಲ್ಲಿ ಒಬ್ಬನ್ನ ಕೆಡವಿದ್ರೆ ಕೆಳಗಿಂದ ಕೂಗು ಕೇಳ್ಸೋದು, "ಯಾರ್ ಗುರು ಈ ಮಂಜಣ್ಣ, ಬೆಂಕಿ!" ಅಂತ. ನಾನು ಮೇಲೆ ಬಾಯಿಗೆ ವೇಲ್ ಅಡ್ಡ ಇಟ್ಕೊಂಡು ನಗ್ತಿದ್ದೆ.

ಆಗ ನಮ್ಮ ಕೆಫೆಲಿ ಹೆಡ್‌ಸೆಟ್ ಮೈಕ್ ಎಲ್ಲ ಇರ್ಲಿಲ್ಲ, ಬಾಯಲ್ಲೇ ಕೂಗ್ಬೇಕು. "ಟನಲಲ್ಲಿ ಇಬ್ರು ಮಗಾ", "ಬಾಂಬ್ ಬಿ ಲಿ ಬಿದ್ದಿದೆ" ಅಂತ ಅವ್ರು ಕಿರುಚ್ಕೊಂಡು ಆಡೋರು. ನಂಗೂ ಕಾಣಿಸೋದು, ಟನಲಲ್ಲಿ ಇಬ್ರು ಬರ್ತಿದಾರೆ ಅಂತ ನಂಗೆ ಎಲ್ರಿಗಿಂತ ಮೊದಲು ಗೊತ್ತಾಗೋದು, ಆದ್ರೆ ಕೂಗಿದ್ರೆ ಹೆಣ್ಣು ದನಿ. ಬಾಯಿ ಕಚ್ಕೊಂಡು ಕೂತಿರ್ತಿದ್ದೆ, ನಮ್ಮೋರು ಒಬ್ಬೊಬ್ರೇ ಸಾಯೋದನ್ನ ನೋಡ್ತಾ. ಬಾಂಬ್ ಡಿಫ್ಯೂಸ್ ಮಾಡಕ್ಕೆ ಕಿಟ್ ಇಲ್ದೆ 10 ಸೆಕೆಂಡು, ಕಿಟ್ ಇದ್ರೆ 5, ಯಾರಾದ್ರೂ ಒಬ್ರು ಕವರ್ ಕೊಡಿ ಅಂತ ಒಂದು ಮಾತು ಕೂಗಿದ್ರೆ ಎಷ್ಟು ರೌಂಡ್ ಗೆಲ್ತಿದ್ವೋ.

ಒಂದು ಭಾನುವಾರ ಸ್ಕೋರ್‌ಬೋರ್ಡಲ್ಲಿ ನಾನೇ ಮೇಲಿದ್ದೆ. ಒಬ್ಬ ಹುಡುಗ ಮಂಜಣ್ಣಂಗೆ ಕೈ ಕುಲುಕ್ಬೇಕು ಅಂತ ಮೆಟ್ಟಿಲು ಹತ್ಕೊಂಡು ಬಂದ. ನಾಲ್ಕೂ ಕ್ಯಾಬಿನ್ ನೋಡ್ದ, ಮೂರು ಖಾಲಿ. ನನ್ನ ನೋಡ್ದ, ಸ್ಕ್ರೀನ್ ನೋಡ್ದ, ಏನೂ ಮಾತಾಡ್ದೆ ಇಳ್ಕೊಂಡು ಹೋದ. ಮುಂದಿನ ವಾರ ಯಾರೂ ನಂಗೆ ಕೆಟ್ಟದಾಗಿ ಬೈಲಿಲ್ಲ, ಅದನ್ನ ಹೇಳ್ಬೇಕು. ಆದ್ರೆ ನಾನು ಯಾರನ್ನ ಹೊಡೆದ್ರೂ ಕೆಳಗಿಂದ ಒಂದೇ ಮಾತು, "ಹುಡುಗಿ ಅಂತ ಬಿಟ್ಕೊಟ್ಟೆ ಮಗಾ." ನನ್ನ ಎಂಟು ತಿಂಗಳ ಕೈ ಪಳಗಿಸಿದ್ದೆಲ್ಲ ಅವ್ರು ಕೊಟ್ಟ ದಾನ ಆಗೋಯ್ತು. ಇನ್ನೆರಡು ವಾರ ಹೋದೆ, ಆಮೇಲೆ ಬಿಟ್ಟೆ. ಮತ್ತೆ ಮೌಸ್ ಹಿಡಿದಿದ್ದು ಆಫೀಸ್ ಕೆಲಸಕ್ಕೇ.

ಈಗ ನಿನ್ನ ವಿಷಯ. ಎರಡು ವರ್ಷದ ಹಿಂದೆ, ನೀನು ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಲಿ, ಒಂದು ರಾತ್ರಿ ಅಳ್ತಾ ಬಂದೆ. "ಹಾಯ್" ಅಂದಿದ್ದಷ್ಟೇ, "ಲಡ್ಕಿ ಹೈ, ಗಯಾ ಮ್ಯಾಚ್" ಅಂದ್ರಂತೆ. ಸೇಜ್ ಅನ್ನೋ ಪಾತ್ರ ತಗೋ, ಹಿಂದೆ ನಿಂತು ನಮ್ಮ ಗಾಯ ಹೀಲ್ ಮಾಡು ಸಾಕು ಅಂದ್ರಂತೆ. ಒಬ್ಬ ಇನ್‌ಸ್ಟಾ ಐಡಿ ಕೇಳ್ದ, ಕೊಡ್ಲಿಲ್ಲ ಅಂದಿದ್ದಕ್ಕೆ ಬಾಯಿಗೆ ಬಂದಂಗೆ ಬೈದ, ಉಳಿದ ಮೂವರು ಸುಮ್ನಿದ್ರು. ನಾನೇನಂದೆ? "ಮೈಕ್ ಆಫ್ ಮಾಡ್ಕೊಂಡು ಆಡು, ಯಾರಿಗೂ ಗೊತ್ತಾಗಲ್ಲ" ಅಂದೆ. ನೀನು ಹಂಗೇ ಮಾಡ್ದೆ, ಹೆಸರೂ ಬದಲಾಯಿಸ್ಕೊಂಡೆ. ನಾನು ಮಗಳನ್ನ ಕಾಪಾಡ್ದೆ ಅಂದ್ಕೊಂಡಿದ್ದೆ. ಶನಿವಾರ ರಾತ್ರಿ "ಭಾಯ್ ಭಾಯ್" ಕೇಳಿದಾಗ ಗೊತ್ತಾಯ್ತು, ನಾನು ಕೂತಿದ್ದ ಆ ಪ್ಲೈವುಡ್ ಕ್ಯಾಬಿನ್ನಿಗೆ ನಿನ್ನನ್ನೂ ಕರ್ಕೊಂಡು ಹೋಗಿ ಕೂರಿಸಿದೀನಿ ಅಂತ.

ಈ ಆಟದಲ್ಲಿ ಅರ್ಧ ಬಲ ಬಾಯಲ್ಲೇ ಇರೋದು, ಇದು ನಿಂಗೆ ನಾನು ಹೇಳಿಕೊಡಬೇಕಾಗಿಲ್ಲ. "ಜೆಟ್‌ಗೆ 120 ಹೊಡ್ದಿದೀನಿ, ಇನ್ನೊಂದು ಗುಂಡು ಸಾಕು" ಅಂತ ಎದುರು ಟೀಮಿನ ಜೆಟ್ ಪಾತ್ರದ ಬಗ್ಗೆ ಬಾಯಲ್ಲಿ ಹೇಳಿದ್ರೆ ಒಂದು ಸೆಕೆಂಡು, ಟೈಪ್ ಮಾಡಿದ್ರೆ ಅಷ್ಟರಲ್ಲಿ ಜೆಟ್ ನಿಮ್ಮಿಬ್ರನ್ನ ಮುಗಿಸಿರ್ತಾಳೆ. ಬಾಯಿ ಮುಚ್ಕೊಂಡೇ ನೀನು ಅಸೆಂಡೆಂಟ್ ರ್ಯಾಂಕ್ ವರೆಗೆ ಹತ್ತಿದೀಯ. ಒಂದು ಕೈ ಬೆನ್ನಿಗೆ ಕಟ್ಕೊಂಡು ಹತ್ತಿದಂಗೆ ಅದು. ಅದರ ಮೇಲಿನ ಇಮ್ಮಾರ್ಟಲ್‌ಗೆ ಯಾಕೆ ಹೋಗಕ್ಕಾಗ್ತಿಲ್ಲ ಅಂತ ನೀನು ನಿನ್ನ ಏಮ್‌ನ ಬೈಕೊಳ್ತೀಯಲ್ಲ, ಏಮ್ ಚೆನ್ನಾಗೇ ಇದೆ ಕಂದ. ಆ ಕೈ ಕಟ್ಟಿದ್ದು ನಾನು.

ಈ ವಾರ ಪೂರ್ತಿ ರಾತ್ರಿ ಕೂತು ಓದ್ದೆ. ಅಮೆರಿಕದಲ್ಲಿ ಹೇಲೋ 3 ಆಟದಲ್ಲಿ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದ್ರು, ಮೊದಲೇ ರೆಕಾರ್ಡ್ ಮಾಡಿದ ಸಾಧಾರಣ ಮಾತುಗಳು, ಒಂದ್ಸಲ ಗಂಡು ದನಿ, ಒಂದ್ಸಲ ಹೆಣ್ಣು ದನಿ, ಒಂದ್ಸಲ ದನಿನೇ ಇಲ್ಲ. 2013ರಲ್ಲಿ ಬಂದ ಲೆಕ್ಕ ಅದು, ಹೆಣ್ಣು ದನಿಗೆ ಬಿದ್ದ ಕೆಟ್ಟ ಮಾತು ಮೂರು ಪಟ್ಟು. 2015ರಲ್ಲಿ ಇನ್ನೊಂದು ಬಂತು, ಹೆಣ್ಣು ದನಿ ಕೇಳಿ ಹೆಚ್ಚು ಕೆರಳೋರು ಸರಿಯಾಗಿ ಆಡಕ್ಕೆ ಬರ್ದೆ ಸೋಲ್ತಿರೋ ಹುಡುಗ್ರೇ ಅಂತ. ಇದನ್ನ ಓದಿ ನಂಗೆ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ. ವ್ಯಾಲೊರಂಟ್ ಕಟ್ಟಿದ ತಂಡದ ಮುಖ್ಯಸ್ಥೆ ಆಗಿದ್ದ ಆನಾ ಡಾನ್ಲನ್ ಇದಾರಲ್ಲ, ಆಟ ಇನ್ನೂ ಬೀಟಾ ಅನ್ನೋ ಪ್ರಯೋಗದ ಹಂತದಲ್ಲಿದ್ದಾಗ, 2020ರಲ್ಲಿ, ತಮ್ಮ ಸಹೋದ್ಯೋಗಿ ಒಬ್ಬಾಕೆಗೆ ಆಟದ ಮಧ್ಯೆ ಹುಡುಗ ಹಿಂಸೆ ಕೊಟ್ಟ ವೀಡಿಯೋ ನೋಡಿ, ಇದಕ್ಕೇ ನಂಗೂ ಗೊತ್ತಿರೋರು ಜೊತೆಗಿಲ್ದೆ ಒಬ್ಬಳೇ ಕ್ಯೂ ಹಾಕಿ ಆಡಕ್ಕಾಗಲ್ಲ ಅಂತ ಬರೆದ್ರು. ಆಟ ಮಾಡ್ದೋರ ಗತಿನೇ ಹಂಗಿದ್ರೆ ನೀನು ಅತ್ತಿದ್ದು ಸಣ್ಣ ವಿಷಯಕ್ಕಲ್ಲ.

ಗೆಗುರಿ ಗೊತ್ತಾ ನಿಂಗೆ? ಕೊರಿಯಾದೋಳು, ಕಿಮ್ ಸೆ-ಯೊನ್, ಗೆಗುರಿ ಅಂದ್ರೆ ಅವ್ರ ಭಾಷೇಲಿ ಕಪ್ಪೆ ಅಂತೆ. 2016ರಲ್ಲಿ ಓವರ್‌ವಾಚ್ ಆಟ ಬಂದ ಹೊಸತರಲ್ಲಿ, ಹದಿಹರೆಯದ ಹುಡುಗಿ, ಝಾರ್ಯಾ ಅನ್ನೋ ಪಾತ್ರದಲ್ಲಿ ಇವಳ ಗುರಿ ನೋಡಿ ಮೋಸ ಮಾಡ್ತಿದಾಳೆ, ಸಾಫ್ಟ್‌ವೇರ್ ಹಾಕಿದಾಳೆ ಅಂದ್ರು. ಎದುರಾಳಿ ಆಟಗಾರರಿಬ್ರು, ಇವಳು ನಿಜ ಅಂತಾದ್ರೆ ನಾವು ಆಟನೇ ಬಿಡ್ತೀವಿ ಅಂದ್ರು. ಕಂಪ್ನಿಯೋರು ಪರೀಕ್ಷೆ ಮಾಡಿ ಮೋಸ ಇಲ್ಲ ಅಂದ್ರೂ ಸಾಕಾಗ್ಲಿಲ್ಲ, ಸ್ಟುಡಿಯೋಲಿ ಕೂತು, ಕೈ ಮೇಲೆ ಕ್ಯಾಮೆರಾ ಇಡಿಸ್ಕೊಂಡು, ಎಲ್ರೂ ನೋಡ್ತಿರ್ಬೇಕಾದ್ರೆ ಲೈವಾಗಿ ಆಡಿ ತೋರಿಸಿದ್ಲು. ಆ ಇಬ್ರು ಬಿಟ್ಟು ಹೋದ್ರು. 2018ರಲ್ಲಿ ಶಾಂಘೈ ಡ್ರಾಗನ್ಸ್ ಟೀಮಿಗೆ ಸೇರಿ ಓವರ್‌ವಾಚ್ ಲೀಗಲ್ಲಿ ಆಡಿದ ಮೊದಲ ಹೆಣ್ಣುಮಗಳು ಅವಳೇ. ಎಲ್ರೂ ಇದನ್ನ ಗೆಲುವಿನ ಕತೆ ಥರ ಹೇಳ್ತಾರೆ, ನಂಗೆ ಮಾತ್ರ ಆ ಕ್ಯಾಮೆರಾ ಕಣ್ಮುಂದೆ ಬರುತ್ತೆ. ಹುಡುಗನ್ನ ಕೈ ತೋರ್ಸು ಅಂತ ಹಂಗೆ ಕೂರಿಸ್ತಿದ್ರಾ? ನಿನ್ನ ರ್ಯಾಂಕ್ ನೋಡಿ ಯಾರೋ ಹುಡುಗ ಆಡಿಕೊಟ್ಟು ಬೂಸ್ಟ್ ಮಾಡಿದಾನೆ ಅಂದೋರಿಗೂ, ಕೆಫೆಲಿ ಬಿಟ್ಕೊಟ್ಟೆ ಅಂದೋರಿಗೂ ಏನು ವ್ಯತ್ಯಾಸ ಹೇಳು.

ಆಮೇಲೆ ಗೇಮ್ ಚೇಂಜರ್ಸ್ ನೋಡ್ದೆ, ವ್ಯಾಲೊರಂಟಲ್ಲಿ ಹೆಣ್ಮಕ್ಕಳ ಟೂರ್ನಿ, ನೀನು ಊಟದ ಟೈಮಲ್ಲಿ ಫೋನಲ್ಲಿ ನೋಡೋದು. 2021ರಲ್ಲಿ ಶುರುವಾಗಿದ್ದಂತೆ, 2022ರಲ್ಲಿ ಬರ್ಲಿನ್ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ಪು, ಜಿ2 ಗೊಜೆನ್ ಟೀಮ್ ಗೆದ್ದಿದ್ದು, ಆಮೇಲೆ 2023, 2024 ಎರಡೂ ಶಾಪಿಫೈ ರೆಬೆಲಿಯನ್. ಹೆಣ್ಮಕ್ಕಳಿಗೆ ಬೇರೆ ಟೂರ್ನಿ ಯಾಕೆ, ಆಟದಲ್ಲಿ ಮೈಬಲ ಏನು ಬೇಕು ಅಂತ ನಿಮ್ಮ ಮಾವ ಮೊನ್ನೆ ವಾದ ಮಾಡ್ತಿದ್ರು. ನಾನು ಆಗ ಸುಮ್ನಿದ್ದೆ, ಈಗ ಗೊತ್ತು ಉತ್ತರ. ಆ ಐದು ಜನ ಒಬ್ರ ಮೇಲೊಬ್ರು ಬಿದ್ದಂಗೆ ಮಾತಾಡ್ತಾರೆ ಪುಟ್ಟಿ, ದನಿ ಅಡಗಿಸ್ಕೊಳೋದೇ ಇಲ್ಲ. ಅದಕ್ಕೆ ಬೇಕು.

ಆ ಮಾತಾಟ ಕೇಳ್ತಾ ಕೂತಾಗ ಇನ್ನೊಂದು ಹೊಳೀತು, ಅದೇ ನಂಗೆ ಜಾಸ್ತಿ ಚುಚ್ಚಿದ್ದು. ಹೆಡ್‌ಸೆಟ್ ಒಳಗಿರೋರು ಬಾಯಿ ಮುಚ್ಚು ಅಂತಾರೆ ಸರಿ, ಬಾಗಿಲ ಹೊರಗಿಂದ ನಾನೇನು ಮಾಡ್ತಿದ್ದೆ? ನೀನು ಮೊದಮೊದಲು "ಎ ಮೇನ್! ಎ ಮೇನ್!" ಅಂತ ಎದುರಾಳಿ ಬರೋ ದಾರಿ ಕೂಗಿದಾಗೆಲ್ಲ ಬಾಗಿಲು ತಟ್ಟಿ "ಮೆಲ್ಲಗೆ, ಪಕ್ಕದ ಮನೆಯೋರು ಏನಂದ್ಕೊಳ್ತಾರೆ, ಇದೇನು ಹೆಣ್ಣು ದನಿನಾ" ಅಂತಿದ್ದೆ. ನಿಮ್ಮಣ್ಣ ಬಿಜಿಎಂಐ ಆಡ್ತಾ ಮನೆ ಹಾರಿ ಹೋಗೋ ಹಂಗೆ ಕೂಗ್ತಿದ್ದ, ಅವನಿಗೆ "ಊಟಕ್ಕೆ ಬಾರೋ" ಅಂತ ಬಿಟ್ರೆ ಬೇರೇನೂ ಅಂದಿಲ್ಲ ನಾನು. ಆ ಕಡೆಯಿಂದ ಅವ್ರು, ಈ ಕಡೆಯಿಂದ ನಾನು. ನೀನು ಮಧ್ಯ ಕೂತು ಟೈಪ್ ಮಾಡ್ತಿದ್ದೆ.

ಅದಕ್ಕೇ ಎರಡು ವರ್ಷದ ಹಿಂದೆ ಹೇಳಿದ್ದನ್ನ ವಾಪಸ್ ತಗೊಳ್ತಿದೀನಿ. ದಿನಾ ಮೈಕ್ ಆನ್ ಮಾಡ್ಲೇಬೇಕು ಅಂತ ಅಲ್ಲ, ಸುಸ್ತಾದ ದಿನ, ಪರೀಕ್ಷೆ ಹಿಂದಿನ ದಿನ ಯಾರ ಕೊಳಕು ಬಾಯಿನೂ ಕೇಳೋ ಕರ್ಮ ನಿಂಗಿಲ್ಲ, ಆಫ್ ಮಾಡು. ಬೈಯೋನು ಒಬ್ಬ ಇದ್ರೆ ಅವನೊಬ್ಬನ್ನ ಮ್ಯೂಟ್ ಮಾಡಿ ರಿಪೋರ್ಟ್ ಹಾಕು, ನಿನ್ನನ್ನ ನೀನೇ ಮ್ಯೂಟ್ ಮಾಡ್ಕೋಬೇಡ. ಇನ್‌ಸ್ಟಾ ಕೊಡ್ಬೇಡ, ಎಷ್ಟು ಒಳ್ಳೆಯೋನ ಥರ ಮಾತಾಡಿದ್ರೂ ಕೊಡ್ಬೇಡ. ಯಾರಾದ್ರೂ ನಿನ್ನ ಫೋಟೋ ಹಿಡ್ಕೊಂಡು ಹೆದರ್ಸಿದ್ರೆ ರಾತ್ರಿ ಎರಡು ಗಂಟೆ ಆದ್ರೂ ನನ್ನ ಎಬ್ಬಿಸು, ಸ್ಕ್ರೀನ್‌ಶಾಟ್ ಇಟ್ಕೊ, ಆ ಕ್ಷಣಕ್ಕೆ ಆಟ ಯಾಕಾಡ್ದೆ ಅಂತ ನಾನು ಒಂದು ಮಾತೂ ಕೇಳಲ್ಲ, ಇಬ್ರೂ ಕೂತು ಸೈಬರ್ ಕ್ರೈಮ್ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕೋಣ, 1930ಗೆ ಫೋನ್ ಮಾಡೋಣ.

ಸೇಜ್ ಬಗ್ಗೆ ಒಂದು ಮಾತು. ಹುಡುಗಿ ಅಂತ ಸೇಜ್ ಕೊಟ್ರು ಅನ್ನೋ ಸಿಟ್ಟಿಗೆ ನೀನು ಅವಳನ್ನ ಮುಟ್ಟೋದೇ ಬಿಟ್ಟಿದೀಯ. ನಿಂಗೆ ಅವಳು ತುಂಬಾ ಇಷ್ಟ ಇದ್ಲು, ಆ ಗೋಡೆ ಹಾಕೋದನ್ನ ನಂಗೆ ಎಷ್ಟು ಸಲ ಕರೆದು ತೋರಿಸ್ತಿದ್ದೆ. ಇಷ್ಟ ಇದ್ರೆ ಆಡು. ಅವರಿಗೋಸ್ಕರ ಆಡೋದೂ ಬೇಡ, ಬಿಡೋದೂ ಬೇಡ.

ಅಜ್ಜಿಗೂ ಹೇಳಿದೀನಿ, ಇನ್ಮೇಲೆ ಇವಳು ರಾತ್ರಿ ಹತ್ತರವರೆಗೆ ಸ್ವಲ್ಪ ಜೋರಾಗಿ ಮಾತಾಡ್ತಾಳೆ ಅಂತ. "ಯಾರ ಹತ್ರ ಕೂಗಾಡೋದು ಅದು?" ಅಂದ್ರು. ಬಾಂಬ್ ಇಡಕ್ಕೆ ಬರೋರು ಎಲ್ಲಿದಾರೆ ಅಂತ ತನ್ನ ಕಡೆಯೋರಿಗೆ ಹೇಳ್ತಾಳೆ ಅತ್ತೆ, ಅಂದೆ. "ಹಂಗಾದ್ರೆ ಜೋರಾಗೇ ಹೇಳ್ಲಿ, ಮೆಲ್ಲಗೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ" ಅಂದ್ರು.

ಹೆಡ್‌ಸೆಟ್ ರಿಪೇರಿ ಆಗಿದೆ ಅಂತ ಫೋನ್ ಬಂದಿತ್ತು. ನಾಳೆ ಆಫೀಸಿಂದ ಬರ್ತಾ ತಗೊಂಡು ಬರ್ತೀನಿ, ಅಂಗಡೀಲೇ ಮೈಕ್ ಒಂದ್ಸಲ ಚೆಕ್ ಮಾಡಿಸ್ತೀನಿ.

ಅಮ್ಮ