ಮೋಡ ನಮ್ಮದು, ಮಳೆ ಬೇರೆಯವರದು

ಮಾನ್ಯ ಸಂಪಾದಕರೆ,

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗಲೆಲ್ಲ ಟಿವಿಯವರು ‘ರಾಜ್ಯಾದ್ಯಂತ ಭಾರಿ ಮಳೆ’ ಎಂದು ಸಾರುತ್ತಾರೆ. ಅದು ತಮಿಳುನಾಡು, ಆಂಧ್ರ ಕರಾವಳಿಯಲ್ಲೇ ಸುರಿದು ಬರಿದಾಗಿ, ವಿಜಯಪುರದ ಎರೆ ಹೊಲಗಳಿಗೆ ಬರುವಷ್ಟರಲ್ಲಿ ಉಳಿಯುವುದು ಮಬ್ಬು ಮೋಡ, ಥಂಡಿ ಗಾಳಿ, ನಾಲ್ಕು ಹನಿ.

ಆ ನಾಲ್ಕು ಹನಿಯೇ ನಮಗೆ ಮುಳುವು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎನ್ನುವ, ಡೋಣಿ ನದಿಯ ಸೀಮೆ ನಮ್ಮದು. ಬಿಳಿಜೋಳ, ಕಡಲೆ ಎರಡೂ ಹಿಂಗಾರಿಯ ಹಸಿಯನ್ನು ನೆಲ ಹಿಡಿದಿಟ್ಟುಕೊಂಡರೆ ಬೆಳೆಯುವ ಪೈರು. ಹಸ್ತ, ಚಿತ್ತ ಮಳೆಗಳು ಕೈಕೊಟ್ಟು ನೆಲ ಬಿರಿದ ಮೇಲೆ ಡಿಸೆಂಬರಿನ ತುಂತುರು ಬೇರಿಗೆ ಇಳಿಯುವುದಿಲ್ಲ. ಕಡಲೆ ಗಿಡದ ಎಲೆಯ ಮೇಲಿನ ಹುಳಿಯನ್ನು ಮಾತ್ರ ತೊಳೆದುಹಾಕುತ್ತದೆ. ಹಿಂದೆಯೇ ಕಾಯಿಕೊರಕ ಹುಳು. ತಿಕೋಟಾ ಕಡೆಯ ದ್ರಾಕ್ಷಿಯವರ ಪಾಡು ಇನ್ನೂ ಕೆಟ್ಟದ್ದು. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿದ (ಕಡ್ಡಿ ಕತ್ತರಿಸಿದ) ಬಳ್ಳಿ ಹೂವಿಗೆ ಬಂದಾಗ ಎರಡು ದಿನ ಮೋಡ ಕವಿದರೂ ಸಾಕು, ದಾವಣಿ ಎಂಬ ಬೂಜು ರೋಗ ಬಂತೆಂದು ರಾತ್ರಿಯೆಲ್ಲ ಔಷಧ ಹೊಡೆಯುತ್ತಾರೆ. ಔಷಧದ ಅಂಗಡಿಗೆ ಮಾತ್ರ ಸುಗ್ಗಿ!

ಹೋಬಳಿಗಳಲ್ಲಿ ಮಳೆಮಾಪಕಗಳಿವೆ, ಅಂಕಿಗಳೂ ಸಿಗುತ್ತವೆ. ಆದರೆ ಬಿದ್ದ ಮಳೆಯ ಲೆಕ್ಕ ಕಟ್ಟಿಕೊಂಡು ನಾವೇನು ಮಾಡೋಣ? ನಾಳೆ ಬರುವುದು ಬರೀ ಮೋಡವೋ, ನೆಲ ನೆನೆಯುವ ಮಳೆಯೋ ಎಂಬುದನ್ನು ಹವಾಮಾನದವರು ಹೋಬಳಿವಾರು, ಎರಡು ದಿನ ಮೊದಲೇ ಕನ್ನಡದಲ್ಲಿ ತಿಳಿಸಲಿ. ಬರ ಸಮೀಕ್ಷೆಗೆ ಬರುವ ಅಧಿಕಾರಿಗಳೂ ಮಳೆಯ ಒಟ್ಟು ಮೊತ್ತ ನೋಡಿ ‘ವಾಡಿಕೆ ಮಳೆ ಆಗಿದೆ’ ಎಂದು ಬರೆಯುವ ಮುಂಚೆ, ಅದು ಯಾವ ವಾರದಲ್ಲಿ ಬಿತ್ತು ಎಂಬುದನ್ನೂ ನೋಡಲಿ.

– ಒಣಬೇಸಾಯದ ರೈತ, ತಾಳಿಕೋಟೆ ತಾಲ್ಲೂಕು, ವಿಜಯಪುರ ಜಿಲ್ಲೆ