ಬ್ರೇಕ್ ಬೋಲ್ಟ್ ಬಿಗಿಯಲು ಕೈಯಂದಾಜು ಸಾಲದು

ಮಾನ್ಯರೇ,

ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ದಿನನಿತ್ಯ ಹತ್ತಿಳಿಯುವ ಕಾರುಗಳ ಬ್ರೇಕ್ ಪ್ಯಾಡ್‌ಗಳು ಬೇಗ ಸವೆಯುವುದರಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಗ್ಯಾರೇಜುಗಳಿಗೆ ಬ್ರೇಕ್ ಕೆಲಸ ತಪ್ಪಿದ್ದಲ್ಲ. ಪ್ಯಾಡ್ ಯಾವ ಕಂಪನಿಯದು, ಬೆಲೆಯೆಷ್ಟು ಎಂದು ವಿಚಾರಿಸುವ ನಾವು, ಬಿಚ್ಚಿದ ಬೋಲ್ಟ್‌ಗಳನ್ನು ಮರಳಿ ಹೇಗೆ ಬಿಗಿದರೆಂದು ಮಾತ್ರ ಕೇಳುವುದಿಲ್ಲ.

ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಪಿನ್ನಿನ ಬೋಲ್ಟಿಗೆ 25ರಿಂದ 35 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿ ಸಾಕು. ಕ್ಯಾಲಿಪರ್ ಬ್ರಾಕೆಟ್ಟನ್ನು ಹಿಡಿದಿರುವ ಬೋಲ್ಟಿಗೆ ಅದರ ಎರಡು ಮೂರು ಪಟ್ಟು ಬೇಕು. ಎರಡನ್ನೂ ಒಂದೇ ತೋಳ್ಬಲದಿಂದ ಬಿಗಿದರೆ ಚಿಕ್ಕದರ ಥ್ರೆಡ್ (ತಿರುಪಿನ ಸುತ್ತುಗೆರೆ) ಹೋಗುತ್ತದೆ, ಇಲ್ಲವೇ ದೊಡ್ಡದು ಸಡಿಲವಾಗಿಯೇ ಉಳಿಯುತ್ತದೆ. ಪಾನಾದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಮೈಭಾರವೆಲ್ಲ ಹಾಕಿ ಎಳೆಯುವುದನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ.

ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಯಿಂದ ಇನ್ನೊಂದು ತೊಡಕಿದೆ. ತುಕ್ಕು ಹಿಡಿದ ಥ್ರೆಡ್‌ನಲ್ಲಿ ನಾವು ಹಾಕಿದ ಬಲದ ಹೆಚ್ಚಿನ ಪಾಲು ತಿಕ್ಕಾಟಕ್ಕೇ ಹೋಗುವುದರಿಂದ, ಗೊತ್ತುಪಡಿಸಿದ ಬಿಗಿ ಬಂದೊಡನೆ ಸದ್ದು ಮಾಡುವ ಪಾನಾ, ಅಂದರೆ ಟಾರ್ಕ್ ರೆಂಚ್, 'ಟಕ್' ಎಂದರೂ ಬೋಲ್ಟ್ ಕಚ್ಚಬೇಕಾದಷ್ಟು ಕಚ್ಚಿರುವುದಿಲ್ಲ. ಎಣ್ಣೆ ಸವರಿದ ಥ್ರೆಡ್‌ನಲ್ಲಿ ಅದೇ ಅಂಕಿಗೆ ಬೋಲ್ಟ್ ಅತಿಯಾಗಿ ಬಿಗಿದು ಹಿಗ್ಗುತ್ತದೆ. ಆದ್ದರಿಂದ ತಂತಿ ಬ್ರಷ್‌ನಿಂದ ಥ್ರೆಡ್ ಶುಚಿಗೊಳಿಸಿ, ಕಂಪನಿ ಹೇಳಿದ ಹೊರತು ಎಣ್ಣೆ ಹಚ್ಚದೆ, ಹೊಸದೇ ಹಾಕಬೇಕೆಂದು ಸೂಚಿಸಿರುವ ಬೋಲ್ಟನ್ನು ಹೊಸದಾಗಿಯೇ ಹಾಕಬೇಕು.

ಚಕ್ರದ ನಟ್‌ಗಳನ್ನು ಏರ್ ಗನ್‌ನಿಂದ ಒಂದರ ಪಕ್ಕ ಒಂದರಂತೆ ಪೂರ್ತಿ ಬಿಗಿಯುವುದೂ ಸರಿಯಲ್ಲ. ಪ್ಯಾಡ್ ಒತ್ತುವ ತಟ್ಟೆಯಾದ ಡಿಸ್ಕ್, ಹಬ್ಬಿಗೂ (ಚಕ್ರ ಕೂರುವ ನಡುಭಾಗ) ಚಕ್ರಕ್ಕೂ ನಡುವೆ ಸಿಕ್ಕಿಕೊಂಡಿರುತ್ತದೆ. ನಟ್‌ಗಳ ಬಿಗಿ ಸಮನಾಗಿಲ್ಲದಿದ್ದರೆ ಅದು ಅಲುಗುತ್ತ ತಿರುಗಿ, ಬರಬರುತ್ತ ಒಂದೆಡೆ ಹೆಚ್ಚು ಸವೆದು, ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನಡಿ ನಡುಗತೊಡಗುತ್ತದೆ. ಎದುರುಬದುರಿನ ನಟ್‌ಗಳನ್ನು ಹಂತಹಂತವಾಗಿ ಬಿಗಿದು, ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚ್‌ನಿಂದ ಮುಗಿಸಬೇಕು.

ಅನುಭವಿ ಮಿಸ್ತ್ರಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳಗಿನ ಕೈಗೂ ದಿನವಿಡೀ ದುಡಿದ ಸಂಜೆಯ ಕೈಗೂ ಬಿಗಿ ಒಂದೇ ಆಗಿರುವುದಿಲ್ಲ, ಅದು ಅವರಿಗೂ ಗೊತ್ತು. ಜಿಲ್ಲೆಯ ಐಟಿಐಗಳು ಗ್ಯಾರೇಜು ಕೆಲಸಗಾರರಿಗೆ ಟಾರ್ಕ್ ರೆಂಚ್ ಬಳಕೆಯ ಕಿರು ತರಬೇತಿ ನಡೆಸಲಿ. ಕಾರವಾರ, ಶಿರಸಿ, ಹೊನ್ನಾವರ ಮತ್ತು ದಾಂಡೇಲಿಯ ಸಾರಿಗೆ ಕಚೇರಿಗಳು ಅದಕ್ಕೆ ಕೈಜೋಡಿಸಲಿ. ಬ್ರೇಕ್ ಕೆಲಸದ ಬಿಲ್ಲಿನಲ್ಲಿ ಯಾವ ಬೋಲ್ಟನ್ನು ಎಷ್ಟಕ್ಕೆ ಬಿಗಿಯಲಾಗಿದೆ ಎಂದು ಬರೆದುಕೊಡುವಂತೆ ಗ್ಯಾರೇಜು ಮಾಲೀಕರನ್ನೂ ವಿನಂತಿಸುತ್ತೇನೆ.

– ಓರ್ವ ಓದುಗ, ಕುಮಟಾ